ಬ್ರಹ್ಮಪುತ್ರದ ಮೇಲೆ ಲಸಿಕೆ ಡಬ್ಬಿಯ ಜೊತೆ ಒಂದು ದಿನ

ಜನವರಿಯಲ್ಲಿ ಅಸ್ಸಾಮಿನ ದಿಬ್ರುಗಢದ ಮಂಜು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ನಾವು ಏಳಕ್ಕೇ ದೋಣಿ ಹತ್ತಿ ಕೂತಿದ್ದೆವು. ಎದುರು ದಡದ ಮಾತು ಬಿಡಿ, ಹತ್ತು ಮಾರು ಆಚೆಯ ನೀರೇ ಕಾಣುತ್ತಿರಲಿಲ್ಲ. ಹೊರಟಾಗ ಒಂಬತ್ತೂವರೆ.

ನದಿಯ ನಡುವಿನ ಮರಳುದ್ವೀಪಗಳಿಗೆ ಅಲ್ಲಿ ಚಾಪೊರಿ ಅನ್ನುತ್ತಾರೆ. ಅಲ್ಲಿನ ಊರುಗಳಿಗೆ ಔಷಧಿ, ಲಸಿಕೆ ಒಯ್ಯುವ ತಂಡಕ್ಕೆ ನಾನು ಸ್ವಯಂಸೇವಕಿಯಾಗಿ ಹೋಗಿದ್ದೆ. ರಿಜಿಸ್ಟರ್ ಬರೆಯುವುದು, ಡಬ್ಬ ಹೊರುವುದು ನನ್ನ ಕೆಲಸ. ಈ ಕಡೆ ದೋಣಿ ಕ್ಲಿನಿಕ್ ಹೊಸದೇನಲ್ಲ. 2005ರಲ್ಲೇ ‘ಆಖಾ’ ಅನ್ನುವ ದೋಣಿ ದಿಬ್ರುಗಢದಿಂದ ಈ ಕೆಲಸ ಶುರು ಮಾಡಿತ್ತು. 2018ರಲ್ಲಿ ಹತ್ತಿರ ಹತ್ತಿರ 5 ಕಿಲೋಮೀಟರ್ ಉದ್ದದ ಬೋಗಿಬೀಲ್ ಸೇತುವೆ ಬಂತು, ನಿಜ. ಅದು ಎರಡು ದಡಗಳನ್ನು ಕೂಡಿಸಿತು. ನಡುವೆ ಇರುವವರಿಗೆ ಇವತ್ತಿಗೂ ದೋಣಿಯೇ ಗತಿ.

ಆ ದಿನ ನಾನು ಜಾಸ್ತಿ ನೋಡಿದ್ದು ದೋಣಿಯ ಮೂತಿಯಲ್ಲಿ ನಿಂತ ಹುಡುಗನನ್ನು. ಕೈಯಲ್ಲಿ ಉದ್ದದ ಬಿದಿರಿನ ಗಳ. ನೀರಿಗೆ ಇಳಿಸುತ್ತಾನೆ, ಎತ್ತುತ್ತಾನೆ, ಎಡಕ್ಕೋ ಬಲಕ್ಕೋ ಕೈ ತೋರಿಸುತ್ತಾನೆ. ಹಿಂದೆ ಚುಕ್ಕಾಣಿ ಹಿಡಿದ ಹಿರಿಯರು ಅಷ್ಟೇ ತಿರುಗಿಸುತ್ತಾರೆ. ಅವರನ್ನು ಎಲ್ಲರೂ ಖುರಾ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು. ಬ್ರಹ್ಮಪುತ್ರ ಇಲ್ಲಿ ಒಂದೇ ಹೊಳೆಯಾಗಿ ಹರಿಯುವುದಿಲ್ಲ. ಕವಲೊಡೆಯುತ್ತದೆ, ಕೂಡುತ್ತದೆ, ಮತ್ತೆ ಒಡೆಯುತ್ತದೆ. 1950ರ ಭೂಕಂಪದಲ್ಲಿ ಬೆಟ್ಟಗಳು ಕುಸಿದು ಬಂದ ಮಣ್ಣಿನಿಂದ ನದಿಯ ತಳವೇ ಮೇಲೆದ್ದಿತು. ಆಮೇಲೆ ದಡ ಕೊರೆಯುವುದು ನಿಂತಿಲ್ಲ. ಹೋದ ಚಳಿಗಾಲದ ದಾರಿ ಈ ಸಲ ಮರಳಾಗಿರಬಹುದು. ಹುಡುಗನ ಗಳಕ್ಕೆ ಸಿಕ್ಕಿದ್ದೇ ಆ ದಿನದ ನಕಾಶೆ.

ಒಂದು ಸಲ ಗಳ ಮೊಣಕಾಲುದ್ದವೂ ಮುಳುಗಲಿಲ್ಲ. ದೋಣಿ ಮರಳಿಗೆ ಕೂತೇಬಿಟ್ಟಿತು. ಇಳಿದು ತಳ್ಳಿದೆವು. ಆ ನೀರಿನ ಚಳಿ ಮೂಳೆಗೆ ಇಳಿಯುತ್ತದೆ.

ಚಾಪೊರಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಕಂಬಗಳ ಮೇಲೆ ಕಟ್ಟಿದ ಮಿಸಿಂಗ್ ಬುಡಕಟ್ಟಿನ ಜನರ ಮನೆಗಳು. ಒಂದು ಮನೆಯ ಕೆಳಗಿನ ನೆರಳಲ್ಲೇ ಶಿಬಿರ. ಬಸುರಿಯರಿಗೆ ಬಿಪಿ, ರಕ್ತಪರೀಕ್ಷೆ, ಕಬ್ಬಿಣಾಂಶದ ಮಾತ್ರೆ. ಮಕ್ಕಳಿಗೆ ಲಸಿಕೆ. ಕೈ ನೋಯುವಷ್ಟು ಬರೆದೆ.

ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಗಳ ನಂಬಿ ದೋಣಿ ಬಿಡಲು ಆಗುವುದಿಲ್ಲ. ಎರಡೂವರೆಗೆ ಎಲ್ಲ ಕಟ್ಟಿ ಆಗಿತ್ತು. ಆಗ ದೂರದ ಮರಳಿನ ಮೇಲೆ ಒಬ್ಬ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಿರಬಿರನೆ ಬರುತ್ತಿದ್ದಳು. ಮಗುವಿಗೆ ಒಂಬತ್ತು ತಿಂಗಳು ತುಂಬಿದೆ, ದಡಾರ ರುಬೆಲ್ಲಾ ಲಸಿಕೆ ಆಗಬೇಕು.

ಆ ಲಸಿಕೆಯ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ನರ್ಸ್ ಅಕ್ಕ ಒಂದು ಕ್ಷಣವೂ ಲೆಕ್ಕ ಹಾಕಲಿಲ್ಲ. ಐಸ್ ಪ್ಯಾಕ್‌ಗಳ ನಡುವಿನಿಂದ ಹೊಸ ಸೀಸೆ ತೆಗೆದು ಒಡೆದರು. ಒಂದೇ ಮಗುವಿಗೆ. ನಿಯಮವೂ ಅದನ್ನೇ ಹೇಳುತ್ತದೆ, ಆದರೆ ಕಣ್ಣೆದುರು ನೋಡಿದಾಗ ನನಗೆ ಗಂಟಲು ಕಟ್ಟಿತು.

ಚುಚ್ಚಿದ ಮೇಲೆ ಮಗುವಿಗೆ ಏನಾದರೂ ತೊಂದರೆ ಆಗುತ್ತದೆಯೇ ಎಂದು ಅರ್ಧ ಗಂಟೆ ಕಾದು ನೋಡಬೇಕು. ಖುರಾ ಬಿಸಿಲು ನೋಡಿದರು, ಇಂಜಿನ್ ಆಫ್ ಮಾಡಿದರು. “ಕೂತ್ಕೊಳ್ಳಿ, ಆಮೇಲೆ ಹೋಗೋಣ” ಅಂದರು, ಅಷ್ಟೇ.

ಆ ಅರ್ಧ ಗಂಟೆಯಲ್ಲಿ ತಾಯಿಯ ಕಾರ್ಡ್ ತುಂಬಿಸಿದೆ. ಮುಂದಿನ ಸಲ ದೋಣಿ ಎಲ್ಲಿ ನಿಲ್ಲುತ್ತದೆ ಎಂದು ಅವಳು ಕೇಳಿದಳು. ನಾನು ಖುರಾನ ಮುಖ ನೋಡಿದೆ. “ನೀರು ಎಲ್ಲಿ ಬಿಡುತ್ತೋ ಅಲ್ಲಿ. ಹಿಂದಿನ ದಿನ ಆಶಾ ಅಕ್ಕನಿಗೆ ಫೋನ್ ಮಾಡ್ತೀವಿ, ಅವಳನ್ನ ಕೇಳಮ್ಮ” ಅಂದರು ಅವರು. ಆಶಾ ಕಾರ್ಯಕರ್ತೆಯ ನಂಬರನ್ನು ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ.