ರಾಕರ್ ಕವರಿನ ಕೆಳಗಿನ ಆಯಿಲ್

ಕಳೆದ ದೀಪಾವಳಿಯ ಮರುವಾರ ಸುರತ್ಕಲ್‌ನಿಂದ ಉಡುಪಿಗೆ ಬರುತ್ತಿದ್ದಾಗ ನನ್ನ ಹಳೆಯ ಪುಶ್‌ರಾಡ್ (ಉದ್ದ ಕಡ್ಡಿಯಿಂದ ತಳ್ಳಿ ವಾಲ್ವ್ ತೆರೆಯುವ) ಎಂಜಿನ್ನಿನ ಕಾರು ಟಕಟಕ ಸದ್ದು ಮಾಡಿ, ಒಂದು ಸಿಲಿಂಡರ್ ಸತ್ತಂತೆ ನಡುಗತೊಡಗಿತು. ಕಾಪುವಿನ ಗ್ಯಾರೇಜಿನಲ್ಲಿ ಎಂಜಿನ್ನಿನ ಮೇಲಿನ ರಾಕರ್ ಕವರ್ ಬಿಚ್ಚಿ ನೋಡಿದರೆ, ಹೊಗೆ ಹೊರಬಿಡುವ ಒಂದು ಎಕ್ಸಾಸ್ಟ್ ವಾಲ್ವನ್ನು ಮುಚ್ಚಿಹಿಡಿಯುವ ಜೋಡಿಯಲ್ಲಿ ಹೊರಸ್ಪ್ರಿಂಗ್ ಎರಡು ತುಂಡಾಗಿತ್ತು. ಒಳಗಿನ ಚಿಕ್ಕ ಸ್ಪ್ರಿಂಗ್ ಹಿಡಿದುಕೊಂಡಿದ್ದರಿಂದ ವಾಲ್ವ್ ಪಿಸ್ಟನ್ ಮೇಲೆ ಬೀಳಲಿಲ್ಲ. 'ಸ್ಪ್ರಿಂಗ್ ಡುಪ್ಲಿಕೇಟ್ ಇರ್ಬೇಕು ಮಾರಾಯ್ರೇ' ಎಂದರು ಮೇಸ್ತ್ರಿ. ಎರಡು ದಿನ ನಾನೂ ಹಾಗೆಯೇ ನಂಬಿದ್ದೆ. ತಪ್ಪು ನನ್ನದೇ ಆಗಿತ್ತು.

ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ವಾಲ್ವ್ ತೆರೆಯಿಸುವ ಉಬ್ಬುಗಳಿರುವ ದಂಡವಾದ ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಪ್ರತಿ ವಾಲ್ವ್ ನಿಮಿಷಕ್ಕೆ 3,000 ಬಾರಿ, ಅಂದರೆ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ. ಅಷ್ಟು ವೇಗದಲ್ಲಿ ಸ್ಪ್ರಿಂಗ್ ಬರಿದೇ ಕುಗ್ಗಿ ಹಿಗ್ಗುವುದಿಲ್ಲ. ಅದರ ಸುರುಳಿಗಳಲ್ಲೇ ಅಲೆ ಎದ್ದು ಹಿಂದೆಮುಂದೆ ಓಡುತ್ತದೆ. ಈ ಅಲೆಯನ್ನು ಅಡಗಿಸಲೆಂದೇ ಒಳಗೊಂದು ಹೊರಗೊಂದು ಸ್ಪ್ರಿಂಗನ್ನು ಒಂದಕ್ಕೊಂದು ಉಜ್ಜುವಂತೆ ಕೂರಿಸುವುದುಂಟು. ಉಜ್ಜಿದರೆ ಬಿಸಿ ಹುಟ್ಟುತ್ತದೆ, ತಂತಿ ತಿರುಚಿಕೊಳ್ಳುವಾಗಲೂ ಹುಟ್ಟುತ್ತದೆ, ಕೆಳಗಿನಿಂದ ಸಿಲಿಂಡರ್ ಹೆಡ್ಡಿನ ಬಿಸಿ ಬೇರೆ. ಅದನ್ನು ಒಯ್ಯಬಲ್ಲದ್ದು ಮುಖ್ಯವಾಗಿ ಮೇಲೆ ಚಿಮ್ಮುವ ಆಯಿಲ್ ಮಾತ್ರ. ಬಿಸಿ ಹೆಚ್ಚಾದ ಸ್ಪ್ರಿಂಗ್ ಮೊದಲು ತನ್ನ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಕಳೆದುಕೊಂಡಾಗ ವಾಲ್ವ್ ಕ್ಯಾಮನ್ನು ಹಿಂಬಾಲಿಸಲಾರದೆ ತಾನು ಮುಚ್ಚಿ ಕೂರುವ ಸೀಟಿನ ಮೇಲೆ ಕುಪ್ಪಳಿಸುತ್ತದೆ, ಆ ಪೆಟ್ಟು ಮತ್ತೆ ಸ್ಪ್ರಿಂಗಿಗೇ ಬೀಳುತ್ತದೆ.

ನಾನು ಮಾಡಿದ್ದೇನೆಂದರೆ, ಕ್ರ್ಯಾಂಕ್ ಬೇರಿಂಗಿಗೆ ಪ್ರೆಶರ್ ಉಳಿಯಲೆಂದು ವಾಲ್ವನ್ನು ಒತ್ತುವ ರಾಕರುಗಳನ್ನು ಹೊತ್ತ ರಾಕರ್ ಶಾಫ್ಟಿಗೆ ಹೋಗುವ ಆಯಿಲ್ ದಾರಿಯನ್ನು ಸಣ್ಣ ತೂತಿನ ಬಿರಡೆಯಿಂದ ಕಿರಿದುಗೊಳಿಸಿದ್ದು. ರಾಕರಿಗೆ ಅಷ್ಟು ಸಾಕಾಗಿತ್ತು. ಸ್ಪ್ರಿಂಗಿನ ಲೆಕ್ಕ ನಾನು ಹಾಕಿರಲಿಲ್ಲ. ಉಳಿದ ಹೊರಸ್ಪ್ರಿಂಗುಗಳನ್ನು ಟೆಸ್ಟರಿನಲ್ಲಿಟ್ಟು ಒತ್ತಿದಾಗ, ಹೊಸದರಲ್ಲಿ 40 ಕೆ.ಜಿ. ತೋರಿಸಿದ್ದವು ಅದೇ ಎತ್ತರದಲ್ಲಿ 34, 35ಕ್ಕೆ ಇಳಿದಿದ್ದವು.

ಆದರೆ ಒಂದೇ ಏಕೆ ಮುರಿಯಿತು? ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಬಿರುಕು ಸುರುಳಿಯ ಒಳಮೈಯ, ಅಂದರೆ ಒತ್ತಡ ಅತಿ ಹೆಚ್ಚಿರುವ ಕಡೆಯ, ಸೂಜಿಮೊನೆಯಷ್ಟು ತುಕ್ಕಿನ ಕುಳಿಯಿಂದ ಹೊರಟಿದ್ದು ಕಂಡಿತು. ಶಾಟ್ ಪೀನಿಂಗಿನಿಂದ, ಅಂದರೆ ಸಣ್ಣ ಗುಂಡುಗಳನ್ನು ಬಡಿದು, ಮೇಲ್ಮೈಗೆ ತಂದ ಬಿರುಕು ತಡೆಯುವ ಅಮುಕುಬಿಗಿಯನ್ನು ಅಂಥ ಒಂದು ಕುಳಿ ದಾಟಿಬಿಡಬಹುದು. ಆ ವಾಲ್ವಿನ ಸ್ಪ್ರಿಂಗ್ ಜೋಡಿ, ಹಾಕುವ ಮೊದಲು, ಮಳೆಗಾಲವಿಡೀ ನಮ್ಮ ಶೆಡ್ಡಿನಲ್ಲಿ, ಕಡಲಗಾಳಿಗೆ, ಬರೀ ಪೇಪರಿನಲ್ಲಿ ಸುತ್ತಿಟ್ಟದ್ದು.

ಈಗ ಬಿರಡೆ ತೆಗೆದಿದ್ದೇನೆ. ಕವರಿನೊಳಗೆ ಪ್ರತಿ ಸ್ಪ್ರಿಂಗಿಗೂ ಆಯಿಲ್ ಚಿಮ್ಮಿಸುವ ತೆಳು ತಾಮ್ರದ ಪೈಪನ್ನೂ ಕೂರಿಸಿದ್ದೇನೆ. ಮೇಲೆ ಹೆಚ್ಚು ಆಯಿಲ್ ಹೋದರೆ ಅದು ಬೇಗ ಕೆಳಗೂ ಇಳಿಯಬೇಕಾದ್ದರಿಂದ ಹೆಡ್ಡಿನ ಡ್ರೈನ್ ತೂತುಗಳ ಮಡ್ಡಿಯನ್ನು ಕೆರೆದು ತೆಗೆಸಿದೆ, ಇಲ್ಲದಿದ್ದರೆ ಕೆಳಗೆ ಆಯಿಲ್ ನಿಲ್ಲುವ ಸಂಪ್ ಬತ್ತುತ್ತದೆ. ಆಯಿಲ್ ಬಿಸಿಯಾಗುವವರೆಗೆ ಅದನ್ನು ಕೂಲರಿಗೆ ಬಿಡದ ಥರ್ಮೋಸ್ಟಾಟ್ ಹಾಕಿದ್ದನ್ನು ಕಂಡು ಮೇಸ್ತ್ರಿ ನಕ್ಕರು. ಆಷಾಢದ ಮಳೆಯಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗದಿದ್ದರೆ ಅದರೊಳಗಿನ ನೀರು ಆವಿಯಾಗಿ ಹೋಗುವುದಿಲ್ಲ ಎಂದಾಗ, ಕವರಿನ ಒಳಗೆ ಮೆತ್ತಿಕೊಂಡಿದ್ದ ಮಜ್ಜಿಗೆಯಂಥ ಬಿಳಿ ಪಸೆಯನ್ನು ಬೆರಳಿನಿಂದ ಒರೆಸಿ ನೋಡಿ ಸುಮ್ಮನಾದರು.