ಸ್ಪಿನ್ ಹಾಕಿದ್ರ ಸುಟ್ಟ ವಾಸ್ನಿ: ನಮ್ಮ ಸೆಮಿ ಆಟೋಮ್ಯಾಟಿಕ್ ಮಷೀನ್ ರಿಪೇರಿ

ಶುಕ್ರವಾರ ರಾತ್ರಿ

ನಮ್ಮ ಮನ್ಯಾಗಿರೋದು 7 ಕಿಲೋದ ಸೆಮಿ ಆಟೋಮ್ಯಾಟಿಕ್, ಎರಡು ಟಬ್ಬಿಂದು. ಹಿತ್ತಲ ಕಡೆ ಶೀಟಿನ ಕೆಳಗ ಇಟ್ಟೀವಿ, ಬೋರಿನ ನೀರು. ಇವತ್ತು ಬೆಡ್‌ಶೀಟ್ ಹಿಂಡಾಕ ಸ್ಪಿನ್‌ಗೆ ಹಾಕಿದ್ಮ್ಯಾಲ ಅವ್ವ ಕೂಗಿದ್ಲು, "ಏನೋ ಸುಟ್ಟ ವಾಸ್ನಿ ಬರಾಕತ್ತೈತಿ ನೋಡಪಾ" ಅಂತ. ಹೋಗಿ ಗ್ವಾಡಿ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತೆ. ಹೊಗಿ ಇರ್ಲಿಲ್ಲ. ಹೊಗಿ ಕಂಡ್ರ ಮಾತ್ರ ಮಷೀನ್ ಹತ್ರ ಹೋಗ್ಬ್ಯಾಡ್ರಿ, ಸೀದಾ ಎಂಸಿಬಿ (ಮನಿ ಕರೆಂಟ್ ಕಡಿಯೋ ಸ್ವಿಚ್ಚು) ಇಳಸ್ರಿ, ನೀರಂತೂ ಉಗ್ಗಲೇಬಾರ್ದು.

ವಾಸ್ನಿ ಬಂತು ಅಂದ್ರ ಎಲ್ಲಾರೂ ಮೊದ್ಲು ಅನ್ನೋದು "ಮೋಟರ್ ಹೋತು" ಅಂತ. ನನ್ನ ಪ್ರಕಾರ ಮೋಟರ್ ಮುಟ್ಟೂಕಿಂತ ಮೊದ್ಲು ಮೂಗಿಗೆ ಕೆಲ್ಸ ಕೊಡ್ಬೇಕು. ಯಾವ ನಮೂನಿ ವಾಸ್ನಿ, ಯಾವಾಗ ಬರ್ತೈತಿ, ಎಲ್ಲಿಂದ ಬರ್ತೈತಿ, ಈ ಮೂರು ಗೊತ್ತಾದ್ರ ಅರ್ಧ ರಿಪೇರಿ ಮುಗೀತು. ಪ್ಲಾಸ್ಟಿಕ್ ಸುಟ್ಟ ವಾಸ್ನಿ ಇದ್ರ ಪ್ಲಗ್ಗು, ಸಾಕೆಟ್ಟು, ಒಳಗಿನ ವೈರಿನ ಜಾಯಿಂಟು ನೋಡ್ಬೇಕು. ರಬ್ಬರ್ ವಾಸ್ನಿ ಇದ್ರ ವಾಶ್ ಕಡೆ ಬೆಲ್ಟು, ಪುಲ್ಲಿ ಮ್ಯಾಲ ಜಾರಿ ಕಾಯ್ದಿರ್ತೈತಿ. ಮೂಗಿನಾಗ ಚುಚ್ಚೋ ಘಾಟು ವಾಸ್ನಿ, ಒಂದ್ಸಲ ಬಂದ್ರ ತಾಸುಗಟ್ಲೆ ಹೋಗಲ್ಲ, ಅದು ವೈಂಡಿಂಗಿನ (ಮೋಟರಿನೊಳಗಿನ ತಂತಿ ಸುರುಳಿ) ಮ್ಯಾಲಿನ ವಾರ್ನಿಶ್, ಅದಂದ್ರ ಖರೇ ಚಿಂತಿ. ನಮ್ಮದು ಇವು ಮೂರೂ ಅಲ್ಲ. ಲೋಡ್ ಲಾರಿ ಘಾಟಿ ಇಳಿದು ನಿಂತಾಗ ಗಾಲಿ ಹತ್ರ ಬರ್ತೈತಲ್ಲ, ಆ ನಮೂನಿ.

ಪ್ಲಗ್ ಪಿನ್ನು ಕರ್ರಗಾಗಿಲ್ಲ, ಸಾಕೆಟ್ ಮುಟ್ಟಿದ್ರ ತಣ್ಣಗೈತಿ, ಮ್ಯಾಲ ಟೈಮರ್ ಇರೋ ಪ್ಯಾನಲ್ ಹತ್ರ ಮೂಗು ಹಿಡಿದ್ರ ಏನಿಲ್ಲ. ಹಿಂದ ಕೆಳಗಿನ ಜಾಳಿಗೆ ಹತ್ರ ಮಾತ್ರ ಜೋರ್ ಐತಿ, ಅದೂ ಸ್ಪಿನ್ ಟಬ್ ಇರೋ ಕಡಿಗೆ.

ಶನಿವಾರ ಮುಂಜಾನಿ

ಬಟ್ಟಿ ಹಾಕ್ದ ಬರೇ ನೀರಿನ ಮ್ಯಾಲ ವಾಶ್ ಬಿಟ್ಟೆ, ಹತ್ತು ನಿಮಿಷ ಆದ್ರೂ ವಾಸ್ನಿ ಇಲ್ಲ. ಅಲ್ಲಿಗೆ ವಾಶ್ ಮೋಟರು, ಬೆಲ್ಟು, ಗೇರ್‌ಬಾಕ್ಸ್ ಮೂರೂ ಲೆಕ್ಕದಿಂದ ಹೊರಗ ಹೋದ್ವು. ಈ ನಮೂನಿ ಮಷೀನಿನಾಗ ಎರಡೂ ಕಡೆ ಮೋಟರ್ ಬ್ಯಾರೆ ಬ್ಯಾರೆ ಇರ್ತಾವ. ವಾಶ್ ಮೋಟರ್ ಬೆಲ್ಟ್ ಮ್ಯಾಲ ಗೇರ್‌ಬಾಕ್ಸ್ ತಿರಗಿಸ್ತೈತಿ, ಸ್ಪಿನ್ ಮೋಟರ್‌ಗೆ ಬೆಲ್ಟ್ ಇಲ್ಲ, ಟಬ್ಬಿನ ಶಾಫ್ಟು ಕಪ್ಲಿಂಗ್ (ಎರಡನ್ನ ಜೋಡಿಸೋ ತುಂಡು) ಮ್ಯಾಲ ಸೀದಾ ಮೋಟರಿಗೆ ಕುಂತಿರ್ತೈತಿ. ಅದಕ್ಕ ಸ್ಪಿನ್ನಿನಾಗ ವಾಸ್ನಿ ಬಂದ್ರ ಬೆಲ್ಟ್ ಬದ್ಲಿ ಮಾಡ್ಸೋದು ರೊಕ್ಕ ದಂಡ.

ಆಮ್ಯಾಲ ಖಾಲಿ ಸ್ಪಿನ್ ಬಿಟ್ಟೆ. ಸ್ಪೀಡ್ ಎತ್ಕೊಳ್ಳಾಕ ಭಾಳ ಹೊತ್ತು ತಗೊಂತು, ಹೂಂಂ ಅಂತ ಮೋಟರ್ ಎಳದಾಡೋ ಸಪ್ಪಳ, ಒಂದೆರಡು ನಿಮಿಷಕ್ಕ ಅದ ವಾಸ್ನಿ. ಬಂದ್ ಮಾಡಿ ಪ್ಲಗ್ ಕಿತ್ತು ಇನ್ನೊಂದು ಪರೀಕ್ಷೆ ಮಾಡ್ದೆ, ಇದನ್ನ ಯಾರಾದ್ರೂ ಮನ್ಯಾಗ ಮಾಡಬಹುದು. ಸ್ಪಿನ್ನಿನ ಮ್ಯಾಲಿನ ಮುಚ್ಚಳ ಮುಚ್ಚಿದಾಗ ಒಂದು ವೈರು ಎಳದು ಬ್ರೇಕ್ ಬಿಡಿಸ್ತೈತಿ, ಮುಚ್ಚಳ ತಗದ್ರ ವೈರ್ ಸಡ್ಲಾಗಿ ಸ್ಪ್ರಿಂಗು ಬ್ರೇಕ್ ಹಿಡಿಸ್ತೈತಿ. ಕರೆಂಟ್ ಇಲ್ದಾಗ ಆ ವೈರನ್ನ ಕೈಲೆ ಎಳದು ಹಿಡ್ಕೊಂಡು ಟಬ್ ತಿರಗಿಸಿದ್ರ ಅದು ಹಗುರಾಗಿ ತಾನ ನಾಲ್ಕೈದು ಸುತ್ತು ಹೋಗ್ಬೇಕು. ನಮ್ಮದು ಅರ್ಧ ಸುತ್ತಿಗೇ ನಿಂತು ಬಿಡ್ತು.

ಹಿಂದಿನ ಕವರ್ ತಗಿಯೋದ ಒಂದು ಕೆಲ್ಸ ಆತು, ಸ್ಕ್ರೂ ಎಲ್ಲಾ ತುಕ್ಕು ಹಿಡದಿದ್ವು, ಎಣ್ಣಿ ಬಿಟ್ಟು ಅರ್ಧ ತಾಸು ಕಾಯ್ದು ತಗದೆ. ಒಳಗ ಕೈ ಹಾಕೂಕಿಂತ ಮೊದ್ಲು ಕೆಪಾಸಿಟರ್ (ಮೋಟರಿಗೆ ಜೋಡಿಸಿರೋ, ಚಾರ್ಜ್ ಹಿಡದಿಡೋ ಬಿಡಿಭಾಗ) ಖಾಲಿ ಮಾಡ್ಬೇಕು, ಪ್ಲಗ್ ಕಿತ್ತಿದ್ರೂ ಅದರಾಗ ಚಾರ್ಜ್ ಉಳದಿರ್ತೈತಿ. ಕೆಲವ್ರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನಿಸ್ತಾರ, ನನಗ ಅದು ಸರಿ ಅನಸಲ್ಲ. ಹೋಲ್ಡರಿಗೆ ಎರಡು ವೈರ್ ಕಟ್ಟಿದ ಹಳೇ 100 ವ್ಯಾಟ್ ಗುಂಡು ಬಲ್ಬ್ ಐತಿ ನನ್ನ ಹತ್ರ, ಅದನ್ನ ಎರಡೂ ತುದಿಗೆ ಹಿಡಿದ್ರ ಕಿಡಿ ಇಲ್ದ ಖಾಲಿ ಆಕ್ಕೈತಿ.

ಟಾರ್ಚ್ ಹಾಕಿ ನೋಡಿದ್ರ ಎಲ್ಲಾ ಕಣ್ಣ ಮುಂದ ಇತ್ತು. ಸ್ಪಿನ್ ಮೋಟರ್ ತಲಿ ಮ್ಯಾಲಿನ ಬ್ರೇಕ್ ಡ್ರಮ್ಮಿನ ಸುತ್ತಲೂ ಕಾಡಿಗಿ ಹಂಗ ಕರೀ ಪುಡಿ ಉಂಗುರಾಗಿ ಕುಂತಿತ್ತು, ಡ್ರಮ್ಮು ಒಂದು ಕಡೆ ಕಾಯ್ದು ನೀಲಿ ಬಣ್ಣಕ್ಕ ತಿರಗಿತ್ತು, ಬ್ರೇಕ್ ಲೈನರ್ (ಡ್ರಮ್ಮಿಗೆ ಒತ್ತಿ ಹಿಡಿಯೋ ಪಟ್ಟಿ) ಗಾಜಿನಂಗ ನುಣ್ಣಗ ಹೊಳಿಯಾಕತ್ತಿತ್ತು. ಮ್ಯಾಲ ಟಬ್ಬಿನ ತಳದಿಂದ ಮೋಟರ್ ತನಕ ಬೆಳ್ಳನ ಉಪ್ಪಿನ ಗೆರಿ ಇಳದಿತ್ತು. ಅಂದ್ರ ಸೀಲ್ (ಶಾಫ್ಟ್ ಸುತ್ತ ನೀರು ತಡಿಯೋ ರಬ್ಬರ್ ಉಂಗುರ) ಸೋರಿ ನೀರು ಬ್ರೇಕ್ ಮ್ಯಾಲ ಬಿದ್ದೈತಿ, ಬ್ರೇಕಿನ ಕೈ ತಿರಗೋ ಪಿನ್ನು ತುಕ್ಕು ಹಿಡದು ಬಿಗಿ ಆಗೈತಿ, ಮ್ಯಾಲಿಂದ ಬರೋ ವೈರೂ ಎಳದೆಳದು ಉದ್ದಾಗೈತಿ. ಎರಡೂ ಕೂಡಿ, ಮುಚ್ಚಳ ಮುಚ್ಚಿದ್ರೂ ಬ್ರೇಕ್ ಪೂರ್ತಿ ಬಿಡವಲ್ದು. ಮೋಟರ್ ಪಾಪ ಬ್ರೇಕ್ ಹಿಡದ ಡ್ರಮ್ಮನ್ನ ತಿರಗಿಸಾಕತ್ತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಈ ಮೋಟರಿನ ಒಳಗ ಥರ್ಮಲ್ ಪ್ರೊಟೆಕ್ಟರ್ ಅಂತ ಇರ್ತೈತಿ, ಹದ್ದು ಮೀರಿ ಕಾಯ್ದ್ರ ತಾನ ಕಟ್ ಆಗಿ, ತಣ್ಣಗಾದ್ಮ್ಯಾಲ ಹೊಳ್ಳಿ ಕೂಡ್ತೈತಿ. ಭಾಳ ಮಂದಿ "ಸ್ವಲ್ಪ ಹೊತ್ತು ಬಿಟ್ರ ತಾನ ಚಾಲೂ ಆಕ್ಕೈತಿ" ಅಂತ ಹಂಗ ನಡಸ್ತಾರ. ಹಂಗ ಮಾಡಬ್ಯಾಡ್ರಿ, ಪ್ರತಿ ಸಲ ಕಾಯ್ದಾಗೂ ವಾರ್ನಿಶ್ ಒಂದೀಟೀಟು ಸುಡತೈತಿ.

ಶನಿವಾರ ಸಂಜಿ

ಕೆಪಾಸಿಟರ್ ವೈರ್ ಬಿಡಿಸಿ ಮೀಟರ್ ಹಿಡದೆ. ಸ್ಪಿನ್ ಕಡಿಂದು 5 ಮೈಕ್ರೋಫ್ಯಾರಡ್ ಅಂತ ಬರದೈತಿ, 4.8 ತೋರ್ಸ್ತು. 5 ಪರ್ಸೆಂಟ್ ಹೆಚ್ಚು ಕಮ್ಮಿ ನಡೀತೈತಿ, ಅದಕ್ಕ ಅದನ್ನ ಮುಟ್ಲಿಲ್ಲ. ಸ್ಪಿನ್ ನಿಧಾನ ಆತು ಅಂದ ಕೂಡ್ಲೆ ಕೆಪಾಸಿಟರ್ ಬದ್ಲಿ ಮಾಡೋ ರೂಢಿ ಐತಿ, ಮೀಟರ್ ಹಿಡದು ನೋಡಾಕ ಒಂದು ನಿಮಿಷ ಸಾಕು.

ನೀರು ಬಿದ್ದ ಮೋಟರ್ ಆದ್ದರಿಂದ ಅದನ್ನ ಕಣ್ಣಲೇ ನೋಡಿ ಬಿಡೋ ಹಂಗಿರ್ಲಿಲ್ಲ. ಬಿಚ್ಚೂ ಮೊದ್ಲು ಎಲ್ಲಾ ವೈರಿನ ಬಣ್ಣ ಕಾಣೋ ಹಂಗ ಫೋಟೋ ತಗೊಂಡು, ಮೂರು ಸ್ಪ್ರಿಂಗಿನ ಬೋಲ್ಟ್ ಬಿಚ್ಚಿ, ಮೋಟರ್ ಗಾಡಿ ಮ್ಯಾಲ ಇಟ್ಕೊಂಡು ಊರಾಗಿನ ತೀನ್ ಕಂದೀಲ್ ಕಡೆ ವೈಂಡಿಂಗ್ ಅಂಗಡಿ ಚಾಚಾನ ಹತ್ರ ಹೋದೆ. ಅಂಗಡಿ ತುಂಬ ಮಾನ್ವಿ, ಸಿಂಧನೂರು ಕಡಿಂದ ಬಂದ ಪಂಪ್‌ಸೆಟ್ ಮೋಟರು, ಸಬ್‌ಮರ್ಸಿಬಲ್ಲು, ಕಾಲಿಡಾಕ ಜಾಗ ಇಲ್ಲ. ನಮ್ಮ ರಾಯಚೂರಿನಾಗ ಭತ್ತದ ಸೀಮಿ ಪುಣ್ಯದಿಂದ ಒಳ್ಳೊಳ್ಳೆ ವೈಂಡಿಂಗ್ ಮಿಸ್ತ್ರಿಗಳು ಅದಾರ, ವಾಷಿಂಗ್ ಮಷೀನ್ ಮೋಟರ್ ಅಂದ್ರ ಅವ್ರಿಗೆ ಆಟದ ಸಾಮಾನು ಇದ್ದಂಗ.

ಚಾಚಾ ಮೊದ್ಲು ಮಾಡಿದ್ದೂ ಅದ, ಮೋಟರ್ ಎತ್ತಿ ಮೂಗಿನ ಹತ್ರ ಹಿಡ್ಕೊಂಡ್ರು. "ವೈಂಡಿಂಗ್ ಸುಟ್ಟಿಲ್ಲ ಬೇಟಾ, ನೀರು ಕುಡದೈತಿ ಅಷ್ಟ" ಅಂದ್ರು. ಆಮ್ಯಾಲ 500 ವೋಲ್ಟಿನ ಮೆಗ್ಗರ್ (ಕರೆಂಟ್ ಬಾಡಿಗೆ ಸೋರತೈತೇನು ಅಂತ ಅಳಿಯೋ ಮೀಟರ್) ಹಚ್ಚಿದ್ರು, ವೈಂಡಿಂಗಿಗೂ ಬಾಡಿಗೂ ನಡುವ ಅರ್ಧ ಮೆಗಾಓಮ್. ಕಮ್ಮಿ ಅಂದ್ರೂ 1 ಮೆಗಾಓಮ್ ಇರ್ಬೇಕು, ಚಲೋ ಮೋಟರಿಗೆ ಅದರ ಹತ್ತಾರು ಪಟ್ಟು ಬರ್ತೈತಿ. ಇಷ್ಟು ಕಮ್ಮಿ ಇದ್ರ, ಅರ್ತಿಂಗ್ ಸರಿ ಇಲ್ಲದ ಮನ್ಯಾಗ, ಒದ್ದಿ ಕೈಲೆ ಮಷೀನ್ ಮುಟ್ಟಿದವ್ರಿಗೆ ಜುಮ್ ಅಂತ ಶಾಕ್ ಹೊಡೀತೈತಿ. ವಾಸ್ನಿಗಿಂತ ನನಗ ಹೆದರಿಕಿ ಆಗಿದ್ದು ಇದಕ್ಕ, ಯಾಕಂದ್ರ ಮಷೀನ್ ನಡಸೋದು ಅವ್ವ.

ಮೋಟರ್ ಅಲ್ಲೇ ಬಿಟ್ಟು ಬಂದೆ. ತಗಡಿನ ಡಬ್ಬಿಯೊಳಗ ಬಲ್ಬ್ ಹಚ್ಚಿ ಇಡೀ ರಾತ್ರಿ ಒಣಗಿಸ್ತೀನಿ, ಆಮ್ಯಾಲ ಮ್ಯಾಲಿಂದ ಒಂದು ಕೈ ವಾರ್ನಿಶ್ ಹೊಡೀತೀನಿ ಅಂದ್ರು. ಬರೂವಾಗ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಸ್ಪಿನ್ ಸೀಲು, ಬ್ರೇಕ್ ಲೈನರ್ ಇರೋ ಪಟ್ಟಿ, ಬ್ರೇಕ್ ವೈರು ತಗೊಂಡೆ. ಹಳೇದನ್ನ ಕೈಯಾಗ ಹಿಡ್ಕೊಂಡು ಹೋಗ್ರಿ, ಸೀಲಿನಾಗ ನಮೂನಿ ಭಾಳ ಅದಾವ, ನೋಡಾಕ ಒಂದ ಇದ್ರೂ ಒಳಗಿನ ತೂತಿನ ಅಳತಿ ಬ್ಯಾರೆ ಇರ್ತೈತಿ.

ಭಾನುವಾರ

ಇವತ್ತಿನ ಕೆಲ್ಸ ಪೂರ್ತಿ ಸವಳು ನೀರಿನ ಜೋಡಿ ಜಗಳ. ಟಬ್ ಮ್ಯಾಲಕ್ಕ ಎತ್ತಿ ತಗದಾಗ ಶಾಫ್ಟ್ ಸುತ್ತ ಉಪ್ಪು ಕಲ್ಲಾಗಿ ಕುಂತಿತ್ತು, ಉಗುರು ಹಚ್ಚಿದ್ರ ಗರಗಸದ ಹಲ್ಲು ಮುಟ್ಟಿದಂಗ. ಸೀಲಿನ ತುಟಿ ಹರದಿದ್ದು ಈ ಉಪ್ಪಿಗೆ. ಬೋರಿನ ನೀರಿನಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಣಗಿ ಒಣಗಿ ಪದರ ಕಟ್ಟತೈತಿ. ಹೊಸ ಸೀಲ್ ಹಾಕಿ ಶಾಫ್ಟ್ ಹಂಗ ಬಿಟ್ರ ಅದೂ ಸ್ವಲ್ಪ ದಿನಕ್ಕ ಹರೀತೈತಿ, ರಿಪೇರಿ ಮಾಡಿಸಿದ್ರೂ ಹೊಳ್ಳಿ ಹೊಳ್ಳಿ ಸೋರೋದು ಇದಕ್ಕ.

ನಿಂಬಿ ಉಪ್ಪು (ಸಿಟ್ರಿಕ್ ಆಸಿಡ್) ಬಿಸಿ ನೀರಿನಾಗ ಕರಗಿಸಿ, ಅದರಾಗ ಅರಿವಿ ಎದ್ದಿ ಶಾಫ್ಟಿಗೆ ಸುತ್ತಿ ಇಟ್ಟೆ. ನೊರಿ ಬಂದು ಉಪ್ಪು ಮೆತ್ತಗಾತು, ಉಳದಿದ್ದನ್ನ ಎಲ್ಲಕ್ಕಿಂತ ನುಣ್ಣಗಿರೋ, ಅಂದ್ರ ದೊಡ್ಡ ನಂಬರಿನ ಪಾಲಿಶ್ ಪೇಪರಿಗೆ ನೀರು ಹಚ್ಚಿ ತಿಕ್ಕಿದೆ, ಉದ್ದಕ್ಕ ಅಲ್ಲ, ಸುತ್ತಲೂ, ಯಾಕಂದ್ರ ಉದ್ದಕ್ಕ ಗೀರು ಬಿದ್ರ ಅದರಗುಂಟ ನೀರು ಇಳೀತೈತಿ. ಚಲೋ ನೀರಿಲೆ ತೊಳದು ಒರಿಸಿ, ಸೀಲಿನ ತುಟಿಗೆ ಗ್ರೀಸ್ ಸವರಿ ಕುಂದ್ರಿಸಿದೆ.

ಮಧ್ಯಾಹ್ನ ಮೋಟರ್ ತಂದೆ, ಮೆಗ್ಗರ್ 20 ಮೆಗಾಓಮ್ ದಾಟಿತ್ತು. ಚಾಚಾ ಅವ್ರ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡದು ಕರೆಂಟ್ ಅಳಿಯೋದು) ಕೂಡ ಕೊಟ್ಟು ಕಳಿಸಿದ್ರು. ಬ್ರೇಕ್ ಕೈಯಿನ ಪಿನ್ ತಗದು ತುಕ್ಕು ತಿಕ್ಕಿ, ಲೈನರಿಗೆ ತಾಗ್ದಂಗ ಪಿನ್ನಿಗಷ್ಟ ಎಣ್ಣಿ ಹನಿ ಹಾಕಿದೆ. ಕಪ್ಲಿಂಗ್ ಬೋಲ್ಟ್ ಶಾಫ್ಟಿನ ತಗ್ಗಿನಾಗ ಸರಿಯಾಗಿ ಕುಂದ್ರಬೇಕು, ಆಮ್ಯಾಲ ಲಾಕ್ ನಟ್ ಬಿಗಿ ಮಾಡ್ಬೇಕು, ಇಲ್ಲಾಂದ್ರ ಜೋರಿನಾಗ ತಿರಗೂವಾಗ ಸಡ್ಲಾಗಿ ಟಬ್ ಬಡದಾಡ್ತೈತಿ. ಬ್ರೇಕ್ ವೈರ್ ಎಳತ ಹೊಂದಿಸೋದು ನಾಜೂಕು: ಮುಚ್ಚಳ ಮುಚ್ಚಿದಾಗ ಲೈನರಿಗೂ ಡ್ರಮ್ಮಿಗೂ ನಡುವ ಒಂದು ಪೋಸ್ಟ್ ಕಾರ್ಡ್ ತೂರಬೇಕು, ಮುಚ್ಚಳ ಎತ್ತಿದ ಕೂಡ್ಲೆ ಅದು ಗಟ್ಟಿ ಹಿಡೀಬೇಕು. ಅಲ್ಲಿ ತನಕ ಹುಕ್ ಮುಂದ ಹಿಂದ ಸರಿಸಿ ಸರಿಸಿ ನೋಡಿದೆ.

ಖಾಲಿ ಬಿಟ್ಟಾಗ ಸ್ಪಿನ್ ಒಮ್ಮಿಗೇ ಸ್ಪೀಡ್ ಎತ್ಕೊಂತು. ಒದ್ದಿ ಬಟ್ಟಿ ಹಾಕಿ ಕ್ಲ್ಯಾಂಪ್ ಮೀಟರ್ ಹಚ್ಚಿದ್ರ 1.3 ಆಂಪ್. ಬಿಚ್ಚೂಕಿಂತ ಮೊದ್ಲು ನೋಡಿದ್ದಿಲ್ಲ, ಅದಕ್ಕ ಬ್ರೇಕ್ ವೈರ್ ಬೇಕಂತ ಸಡ್ಲ ಬಿಟ್ಟು ಅರ್ಧ ನಿಮಿಷ ನಡಿಸಿ ನೋಡಿದೆ, 2 ದಾಟ್ತು. ಇಷ್ಟೂ ವ್ಯತ್ಯಾಸ ಬರೇ ಬಿಸಿ ಆಗಿ ಹೋಗಾಕತ್ತಿತ್ತು. ಮುಚ್ಚಳ ಎತ್ತಿದ್ರ ನಾಲ್ಕೈದು ಸೆಕೆಂಡಿನಾಗ ಟಬ್ ನಿಂತ್ತು. ವಾಸ್ನಿ ಇಲ್ಲ.

ಬುಧವಾರ

ಎರಡು ದಿನ ದಿನಬಳಕಿ ಬಟ್ಟಿ ಒಗದಾತು, ವಾಸ್ನಿ ಇಲ್ಲ, ಕೆಳಗ ಹಾಸಿದ ಪೇಪರ್ ಮ್ಯಾಲ ಒಂದು ಹನಿ ನೀರೂ ಇಲ್ಲ. ವೋಲ್ಟೇಜ್ ಮಾತ್ರ ಲೆಕ್ಕಕ್ಕ ತಗೋಬೇಕು. ಬ್ಯಾಸಿಗ್ಯಾಗ ಓಣಿ ತುಂಬ ಕೂಲರ್, ಏಸಿ ಚಾಲೂ ಆದ್ಮ್ಯಾಲ ಸಂಜಿಗೆ ನಮ್ಮ ಸಾಕೆಟ್ಟಿನಾಗ 180 ತನಕ ಇಳದದ್ದು ನೋಡೀನಿ. ಇಂಥಾ ಮೋಟರಿನ ತಾಕತ್ತು ವೋಲ್ಟೇಜಿನ ವರ್ಗದ ಲೆಕ್ಕದಾಗ ಇಳೀತೈತಿ, 230 ಇರೋ ಕಡೆ 180 ಬಂದ್ರ ಸುಮಾರು 60 ಪರ್ಸೆಂಟ್ ಅಷ್ಟ ಉಳೀತೈತಿ, ಮೋಟರ್ ಸ್ಪೀಡಿಗೆ ಬರಾಕ ಒದ್ದಾಡಿ ಕಾಯ್ತೈತಿ. ಅದಕ್ಕ ಅವ್ವಗ ಮುಂಜಾನಿ ಎಂಟರ ಒಳಗ ಒಗಿಯೋದು ಮುಗಸಬೇ ಅಂದೀನಿ. ಬೆಡ್‌ಶೀಟ್ ಒಂದ ಹಾಕಬ್ಯಾಡ, ಜೋಡಿ ಸಣ್ಣ ಬಟ್ಟಿ ಸುತ್ತಲೂ ಸಮ ಮಾಡಿ ಹಾಕು ಅಂತಾನೂ ಹೇಳೀನಿ, ಒಂದ ಕಡೆ ಭಾರ ಬಿದ್ರ ಶಾಫ್ಟ್ ವಾಲಿ ಸೀಲ್ ತಿನ್ನತೈತಿ.

ಉಳದಿರೋದು ವಾಶ್ ಕಡೆ ಬೆಲ್ಟ್. ಹೆಬ್ಬಟ್ಟಿಲೆ ಒತ್ತಿದ್ರ ಬೇಕಾದ್ದಕ್ಕಿಂತ ಜಾಸ್ತಿ ಬಗ್ಗತೈತಿ, ಅಂಚಿಗೆ ಸಣ್ಣ ಬಿರುಕೂ ಅದಾವ. ಅದರ ಮ್ಯಾಲಿನ ನಂಬರ್ ಬರ್ಕೊಂಡೀನಿ, ಮುಂದಿನ ವಾರ ತಂದು ಹಾಕ್ತೀನಿ, ಆವಾಗ ಜಾಳಿಗಿಗೆ ಇಲಿ ಹೋಗ್ದಂಗ ಸಣ್ಣ ಮೆಶ್ ಹೊಡಿಯೋದೂ ಐತಿ.