ಮಿನಾರಿನ ನೀಲಿ

ಇವತ್ತು ಬೆಳಿಗ್ಗೆ ಬೀದರ್‌ನ ಹಳೆ ಊರಲ್ಲಿ ಗೈಡ್ ಜೊತೆ ನಡೆದೆವು. ಊರ ನಡುವಿನ ಕಾವಲು ಗೋಪುರ ಚೌಬಾರದಿಂದ ಕೋಟೆ ಕಡೆಗೆ. ನಾನು ದಿನಾ ಬೈಕ್‌ನಲ್ಲಿ ದಾಟುವ ದಾರಿನೇ ಅದು, ಆದರೆ ಗವಾನ್ ಮದರಸಾದ ಮುಂದೆ ನಿಲ್ಲಿಸಿ "ಮಿನಾರ್ ಬುಡದಿಂದ ಮ್ಯಾಲಕ ಸಾವಕಾಶ ನೋಡ್ರಿ" ಅಂದಾಗಲೇ ಮೊದಲ ಸಲ ಸರಿಯಾಗಿ ನೋಡಿದ್ದು.

ನೀಲಿ ಟೈಲ್ಸ್. ಅಂಕುಡೊಂಕು ಪಟ್ಟಿ. ಕೆಲವು ಕಡೆ ಉದುರಿ ಬರೀ ಗಾರೆ, ಅದರ ಪಕ್ಕದಲ್ಲೇ ಒಂದು ತುಂಡು ನಿನ್ನೆ ಮೊನ್ನೆ ಹಚ್ಚಿದಂಗೆ ಹೊಳೀತಿದೆ.

ಕಟ್ಟಿದ್ದು 1472ರಲ್ಲಿ. ಪರ್ಷಿಯಾದಿಂದ ಬಂದು ಬಹಮನಿ ಸುಲ್ತಾನರ ವಜೀರನಾದ ಮಹಮೂದ್ ಗವಾನ್ ಕಟ್ಟಿಸಿದ. ಒಂಬತ್ತೇ ವರ್ಷಕ್ಕೆ, 1481ರಲ್ಲಿ, ಯಾರೋ ಹುಟ್ಟಿಸಿದ ಸುಳ್ಳು ಪತ್ರ ನಂಬಿ ಸುಲ್ತಾನ ಅವನನ್ನೇ ಕೊಲ್ಲಿಸಿದ. ಆಮೇಲೆ ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು, ಒಂದು ಮಿನಾರೂ ಹೋಯಿತು.

ಇಷ್ಟೆಲ್ಲಾ ಆದಮೇಲೂ ಆ ನೀಲಿ ಉಳಿದಿದೆ ಅಲ್ವಾ? ನಂಗೆ ಅಲ್ಲಿಂದ ಕಾಲು ಕೀಳೋಕೇ ಆಗಲಿಲ್ಲ, ಗುಂಪು ಮುಂದೆ ಹೋಗಿಬಿಟ್ಟಿತ್ತು.

ಮುಂದಿನ ಭಾನುವಾರ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆನೇ, ಬಿಸಿಲು ನೇರ ಆ ಗೋಡೆ ಮೇಲೆ ಬೀಳುವ ಹೊತ್ತಿಗೆ.